ಫ್ರಿಜ್ಜಿನೊಳಗಿನ ಮುಂಜಾನೆ

ಇದು ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ಮೊನ್ನೆ ಗೋಕಾಕದ ನಮ್ಮ ಮನೆಯ ಫ್ರಿಜ್ಜಿನ ಬಲ್ಬು ಸುಟ್ಟುಹೋಯಿತು. ಒಳಗಿನ ಕತ್ತಲಲ್ಲಿ ಮೊಸರಿನ ಪಾತ್ರೆ ತಡಕುವಾಗ ಮೂಡಲಗಿಯ ಕಾಕೂ, ಅಂದರೆ ನಮ್ಮ ಕಾಕಾನ ಹೆಂಡತಿ, ನೆನಪಾದರು. ಅಷ್ಟು ಮಾತ್ರ ಖಚಿತ.

ತೊಂಬತ್ತರ ದಶಕದ ಕೊನೆ. ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದ ನಾನು, ಕಂಡದ್ದನ್ನೆಲ್ಲ ಅನುಮಾನಿಸುವುದೇ ವಿಜ್ಞಾನವೆಂದು ತಿಳಿದಿದ್ದೆ. ರಜೆಗೆ ಕಾಕಾನ ಮನೆಗೆ ಹೋದವನು ತೋಟದ ನೀರಿನ ತೊಟ್ಟಿಯಿಂದ ಹಸಿರು ಲೋಳೆಯನ್ನು ಎರಡು ಬಾಟಲಿಗಳಲ್ಲಿ ತಂದು ಅವರ ಫ್ರಿಜ್ಜಿನಲ್ಲಿಟ್ಟೆ. ಬಿಸಿಲನ್ನೇ ಉಂಡು ಬದುಕುವ ಈ ಬ್ಯಾಕ್ಟೀರಿಯಾ ಥಂಡಿಗೆ ಒಗ್ಗಿಕೊಂಡೀತೇ? ಒಗ್ಗಿದರೆ ಪ್ರಬಂಧಕ್ಕೆ ನನ್ನದೇ ಒಂದು ವಿಷಯ. ಇಲ್ಲವಾದರೆ ಎಲ್ಲರೂ ಅರೆದು ಬಿಟ್ಟಿದ್ದ ಮೊಸರಿನ ಬ್ಯಾಕ್ಟೀರಿಯಾ.

ನಮ್ಮದು ಜೈನರ ಮನೆ. ಕಾಕೂ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಅಂಟಿದ ಕಾಣದ ಜೀವಗಳನ್ನು ತಿರುಗಿ ಬಾವಿಗೇ ಬಿಟ್ಟು ಬರುವವರು. ಬಾಟಲಿ ನೋಡಿ ಕೇಳಿದರು:

"ಇವಕ್ಕ ಜೀವ ಐತಿಲ್ಲೊ?"

"ಐತ್ರಿ ಕಾಕೂ."

"ಬೆಳಕ ಉಂಡು ಬದುಕತಾವ ಅಂದಿ. ಮತ್ತ ಕತ್ತಲದಾಗ ಯಾಕ ಕೂಡಿ ಹಾಕಿದಿ?"

"ಹೊತ್ತು ಮುಣುಗಿದ ಮ್ಯಾಲೆ ನಾವೂ ಉಣ್ಣಂಗಿಲ್ಲಲ್ರಿ," ಎಂದು ಜಾಣತನ ತೋರಿದೆ.

"ನಾವು ಮುಂಜಾನೆ ಎದ್ದು ಉಣ್ತೇವಪ್ಪಾ. ನಿನ್ನ ಫ್ರಿಜ್ಜಿನಾಗ ಮುಂಜಾನೆ ಯಾವಾಗ ಆಗ್ತೈತಿ?"

ನಾನು ಬಾಟಲಿಗಳನ್ನು ಅಲ್ಲೇ ಬಿಟ್ಟು ಬಾಗಿಲು ಮುಚ್ಚಿದೆ. ಮರುದಿನ ಕಾಕಾ ಕೂಗಾಡುತ್ತಿದ್ದರು: "ಅಡಕೊತ್ತು ತಗೊಂಡು ಫ್ರಿಜ್ಜಿನ ಗುಂಡಿ ಕತ್ತರಿಸ್ಯಾಳ! ದೀಪದ ಕಾವಿಗೆ ಹಾಲ ಕೆಟ್ರ ಏನ್ ಮಾಡೂದು?"

"ಎರಡ ದಿನ ಕರೀ ಚಾ ಕುಡೀರಿ," ಎಂದರು ಕಾಕೂ.

ಬಾಗಿಲು ಮುಚ್ಚಿದಾಗ ಒತ್ತಿಕೊಂಡು ದೀಪ ಆರಿಸುವ ಗುಂಡಿ ಅದು. ಇನ್ನು ಬಾಗಿಲು ಮುಚ್ಚಿದರೂ ಒಳಗೆ ಬೆಳಕು ಎಂಬುದು ಕಾಕೂ ಅವರ ವಾದ. ಮುಚ್ಚಿದ ಬಾಗಿಲ ಹಿಂದಿನ ದೀಪವನ್ನು ಕಂಡವರು ಯಾರು, ನೀವೇ ಹೇಳಿ.

ರಜೆ ಮುಗಿದಾಗ ತೆಗೆದು ನೋಡಿದೆ. ಬಲ್ಬಿನ ಎದುರಿನ ಬಾಟಲಿ ಇನ್ನೂ ಹಸಿರು. ತುಪ್ಪದ ಡಬ್ಬಿಯ ಹಿಂದೆ ಮರೆಯಾದದ್ದು ಮಾಸಲು ಹಳದಿ. ನನಗೆ ವಿಷಯ ಸಿಕ್ಕಿತು. ಥಂಡಿಯಲ್ಲಿ ಜೀವಕೋಶದ ಪೊರೆ ತುಪ್ಪದಂತೆ ಗಟ್ಟಿಯಾಗತೊಡಗುತ್ತದೆ. ಅದನ್ನು ಕುಸುಬಿ ಎಣ್ಣೆಯಂತೆ ಸಡಿಲವಾಗಿಡಲು ಈ ಜೀವಿಗಳು ಹೆಣಗುತ್ತವೆ. ಬೆಳಕಿದ್ದರೆ ಆ ಕೆಲಸ ಚುರುಕು, ಕತ್ತಲಲ್ಲಿ ಮಂದ. ಇದನ್ನೆಲ್ಲ ಆಮೇಲೆ ಓದಿದೆ. ಓದಿದ ಮೇಲೆಯೇ ನೆನಪಿನ ಬಾಟಲಿಗಳಿಗೆ ಹಸಿರು, ಹಳದಿ ಬಳಿದೆನೋ ಏನೋ. ಇಷ್ಟು ಅಚ್ಚುಕಟ್ಟಾದ ನೆನಪನ್ನು ನಾನು ನಂಬುವುದಿಲ್ಲ. ಆ ದೀಪವೇ ಉರಿದಿರದಿದ್ದರೆ ಇಡೀ ಕಥೆಯೇ ಸುಳ್ಳು.

ಕಾಕಾ, ಕಾಕೂ ಈಗ ಹುಕ್ಕೇರಿಯಲ್ಲಿ ಮಗಳ ಮನೆಯ ಬಾಜೂಕ್ಕೇ ಇದ್ದಾರೆ. ಆ ಫ್ರಿಜ್ಜೂ ಅವರ ಜೊತೆಗೇ ಹೋಗಿದೆ. ನಿನ್ನೆ ಬಸ್ಸು ಹತ್ತಿದೆ.

"ನನ್ನ ನೋಡಾಕ ಬಂದ್ಯೊ, ಫ್ರಿಜ್ಜ ನೋಡಾಕ ಬಂದ್ಯೊ?" ಎಂದು ಕಾಕೂ ನಕ್ಕರು.

"ಎರಡೂ ರಿ," ಎಂದೆ. ಬಾಗಿಲು ಮುಚ್ಚಿ, ಅಂಚಿನ ರಬ್ಬರು ಹರಿದ ಮೂಲೆಗೆ ಕಣ್ಣು ಹಚ್ಚಿದೆ.

ಒಳಗೆ ದೀಪ ಉರಿಯುತ್ತಿತ್ತು.