ಗೀರು ಹಾಕಿದ ಐದು ಕಡ್ಡಿ

ದೇವದುರ್ಗದಲ್ಲಿ ಅವ್ವನ ತವರುಮನೆಯ ಹಿತ್ತಲಿನ ಹುಳಿಮಾವಿನ ಮರವನ್ನು ಕಡಿಯುತ್ತಾರೆಂದು ಗೊತ್ತಾದಾಗ, ಅದರ ಕಸಿ ಕಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಅವ್ವ ಬೇರೆ ಕಾಯಿಯ ಉಪ್ಪಿನಕಾಯಿ ಮುಟ್ಟುವುದಿಲ್ಲ. ಆ ಜಾತಿಯ ಮರ ಇನ್ನೊಂದು ಇದ್ದದ್ದು ನಮಗೆ ಗೊತ್ತಿಲ್ಲ.

ಮಾನ್ವಿ ಕಡೆ ಪೋತ್ನಾಳದ ಹತ್ತಿರ ಸಸಿ ಮಾರುವ ಮುದುಕರೊಬ್ಬರಿದ್ದರು. ಅವರು ಫೋನಿನಲ್ಲಿ ಹೇಳಿದಂತೆ ಮರದ ಎಂಟು ಎಳೆ ಟೊಂಗೆಗಳ ಎಲೆ ತೆಗೆದೆ. ಹತ್ತು ದಿನಕ್ಕೆ ತುದಿಯ ಮೊಗ್ಗು ಉಬ್ಬಿದ ಮೇಲೆ ರಾಯಚೂರಿನಿಂದ ಮತ್ತೆ ಹೋಗಿ ಎಂಟೂ ಕಡ್ಡಿ ಕತ್ತರಿಸಿಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ ಪೋತ್ನಾಳದ ಬಸ್ಸು ಹತ್ತಿದೆ. ಆಗ ಅನುಮಾನ ಶುರುವಾಯಿತು. ಆ ಮುದುಕರಲ್ಲಿ ಬೇನಿಷಾ ಮಾವಿನ ಸಸಿಗಳು ಸಾಲುಸಾಲಾಗಿದ್ದವು. ನಮ್ಮ ಕಡ್ಡಿ ಒಣಗಿದರೆ ಒಂದು ಬೇನಿಷಾ ಕೈಗಿಟ್ಟು ಕಳಿಸಿದರೂ ನನಗೆ ತಿಳಿಯುವುದು ಹೇಗೆ?

ಸೆರಗಿನ ಪಿನ್ನು ತೆಗೆದು, ಗುರುತಿಗೆಂದು ಪ್ರತಿ ಕಡ್ಡಿಯ ನಡುವೆ ಸಣ್ಣ ಅಡ್ಡಗೀರು ಎಳೆಯತೊಡಗಿದೆ. ಐದು ಮುಗಿದಿತ್ತು.

“ಏನ್ ಮಾಡಾಕತ್ತೀರಿ ಅಕ್ಕಾರ? ಕಡ್ಡಿಗೆ ಸೂಜಿ ಚುಚ್ಚಾಕತ್ತೀರೇನು?” ಪಕ್ಕದಲ್ಲಿದ್ದ ಹೆಂಗಸು ಕೇಳಿದಳು. ನಾಚಿಕೆಯಾಗಿ ಉಳಿದ ಮೂರನ್ನು ಹಾಗೇ ಸುತ್ತಿಟ್ಟೆ. ಎಂಟನ್ನೂ ಮುದುಕರು ಚೀಲದ ಸಸಿಗಳಿಗೆ ಕಸಿ ಕಟ್ಟಿದರು.

ಒಂದೂವರೆ ತಿಂಗಳಿಗೆ ಹೋದಾಗ ಮೂರು ಸಸಿ ಚಿಗುರಿದ್ದವು. ಐದು ಚೀಲಗಳಲ್ಲಿ ಕಪ್ಪಾದ ಕಡ್ಡಿಗಳು ನಿಂತಿದ್ದವು. ಅಷ್ಟರಲ್ಲಿ ಊರ ಮರ ಕಡಿದಾಗಿತ್ತು.

ಮುದುಕರು ಸತ್ತ ಕಡ್ಡಿ ತೋರಿಸಿದರು. “ನೋಡ್ ಯವ್ವಾ, ಇವಕ್ಕ ನಡುವ ಯಾರೋ ಗೀರ್ಯಾರ. ಅಲ್ಲಿಂದನ ಒಣಗ್ಯಾವ. ನೀನೇನು?”

“ಹೌದ್ರಿ ಕಾಕಾ, ಗುರ್ತಿಗಂತ.”

“ನನ್ ಮ್ಯಾಲ ಸಂಶೇ ಇದ್ರ ನನ್ನ ಗೀರಬೇಕಿತ್ತು. ಕಡ್ಡಿ ಏನ್ ಮಾಡಿತ್ತು?” ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಸತ್ತ ಐದೂ ನಮ್ಮವೇ. ಗೀರು ಮುಟ್ಟಿ ನೋಡಿದೆ. ಅವರು ಮೋಸ ಮಾಡುವವರಾಗಿದ್ದರೆ ಇವನ್ನು ಎಂದೋ ಎಸೆದಿರುತ್ತಿದ್ದರು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆದರೂ ಬದುಕಿದ ಮೂರರ ಮೇಲೆ ಯಾವ ಗುರುತೂ ಇರಲಿಲ್ಲ.

ಮೂರೂ ಸಸಿ ಒಯ್ದಾಗ, ಚಂದ್ರಬಂಡದ ನಮ್ಮ ಹೊಲದ ಬದುವಿನಲ್ಲಿ ಅವ್ವ ಕುಣಿ ತೋಡಿಸಿದ್ದಳು. ಗೀರಿನ ವಿಷಯ, ನನ್ನ ಅನುಮಾನ ಎರಡನ್ನೂ ಅವಳಿಗೆ ಹೇಳಿಬಿಟ್ಟೆ. ಎಳೆ ಎಲೆ ಹಿಚುಕಿ ಮೂಸಿದರೆ ಮಾವಿನ ಜಾತಿ ತಿಳಿಯುತ್ತದೆ ಎನ್ನುವವಳು ಅವಳು. ಒಂದು ಎಲೆ ಚಿವುಟಿದಳು.

“ನಮ್ಮದ ಅದ. ಹಚ್ಚು.”

ಎಲೆ ಇನ್ನೂ ಅವಳ ಬೆರಳಲ್ಲೇ ಇತ್ತು, ಮೂಗಿನ ಹತ್ತಿರ ಹೋಗಿರಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ನನ್ನತ್ತ ನೋಡದೆ ಬಗ್ಗಿ ಕುಣಿಗೆ ಮಣ್ಣು ಎಳೆಯತೊಡಗಿದಳು.