ಕೈ ಎತ್ತದ ಶನಿವಾರ

ನಾವು ವಲಸೆ ಬಂದು ನೆಲೆಸಿದ ಥಾರ್ನ್ಲಿಯ ಬಾಡಿಗೆ ಹಾಲ್‌ನಲ್ಲಿ ಶನಿವಾರಗಳಂದು ನಮ್ಮ ಮಕ್ಕಳಿಗೆ ಪ್ರಾಚೀನ ಗ್ರೀಸಿನ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದವರು ಮೈಸೂರಿನ ಒಬ್ಬ ನಿವೃತ್ತ ಇತಿಹಾಸ ಮೇಷ್ಟ್ರು. ಡಾಕ್ಟರ್ ಮಗಳ ಮನೆಯಲ್ಲಿ ತಾತ್ಕಾಲಿಕ ವೀಸಾದ ಮೇಲೆ ಇದ್ದರು. ಮಾತಿಗೆ ಮೊದಲು ಕನ್ನಡಕ ತೆಗೆದು ಜುಬ್ಬಾದ ಅಂಚಿನಲ್ಲಿ ಒರೆಸುವರು. ಅಥೆನ್ಸ್‌ನಲ್ಲಿ ನೆಲೆಸಿದ್ದ ಪರಸ್ಥಳದವರು ತೆರಿಗೆ ಕಟ್ಟುತ್ತಿದ್ದರು, ಯುದ್ಧಕ್ಕೂ ಹೋಗುತ್ತಿದ್ದರು, ಆದರೆ ಸಭೆಯಲ್ಲಿ ಕೈ ಎತ್ತುವಂತಿರಲಿಲ್ಲ ಎಂದು ವಿವರಿಸಿ, ಪ್ರತಿ ಸಲವೂ ಕೇಳುವರು: “ಒಳಗೆ ಯಾರಿದ್ರು ಅನ್ನೋದು ಬಿಡಿ. ಹೊರಗೆ ಯಾರು ನಿಂತಿದ್ರು?”

“ವಿಮೆನ್, ಸ್ಲೇವ್ಸ್, ಫಾರಿನರ್ಸ್!” ಮಕ್ಕಳು ಇಂಗ್ಲಿಷಿನಲ್ಲೇ ಕೂಗುವರು.

ಕಳೆದ ವರ್ಷ, ಆ ಹೊತ್ತನ್ನು ಡ್ಯಾನ್ಸ್ ಪ್ರಾಕ್ಟೀಸಿಗೆ ಕೊಡಬೇಕೆಂದು ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಪಟ್ಟು ಹಿಡಿದ. ಮೇಷ್ಟ್ರ ತರಗತಿ ಉಳಿಯಲು ಸಭೆಯಲ್ಲಿ ಅರ್ಧದಷ್ಟಾದರೂ ಕೈಗಳು ಏಳಬೇಕಿತ್ತು.

“ಅಂಕಲ್, ವೋಟಿಂಗು ಮೆಂಬರ್ಸ್‌ಗೆ ಮಾತ್ರ. ನೀವು ವಿಸಿಟರ್ ಅಲ್ವಾ, ಸ್ವಲ್ಪ ಹೊರಗಿರ್ತೀರಾ?” ಎಂದು ಕಾರ್ಯದರ್ಶಿ ಮೇಷ್ಟ್ರಿಗೆ ಹೇಳಿದ.

“ಅದಕ್ಕೇನಪ್ಪ, ಎರಡೂವರೆ ಸಾವಿರ ವರ್ಷದ ರೂಲು. ನಾನ್ಯಾಕೆ ಮುರೀಲಿ?” ಎಂದು ನಕ್ಕು, ಮೇಷ್ಟ್ರು ಎದ್ದು ಹೋದರು.

ಕಾರ್ಯದರ್ಶಿ ಆಫೀಸಿನಲ್ಲಿ ನನ್ನ ಮ್ಯಾನೇಜರ್. ತರಗತಿ ಬೇಕೆನ್ನುವವರು ಕೈ ಎತ್ತಿ ಎಂದವನು ನನ್ನನ್ನೇ ನೋಡಿದ. ನನ್ನ ಕೈಗಳು ತೊಡೆಯ ಮೇಲೇ ಉಳಿದವು. ಎಣಿಸಿದಾಗ ಒಂದು ಕಡಿಮೆ ಬಿತ್ತು.

ಮಗಳು ಡ್ಯೂಟಿಯಲ್ಲಿದ್ದುದರಿಂದ ಮೇಷ್ಟ್ರನ್ನು ಮನೆಗೆ ಬಿಡಬೇಕಾದವನು ನಾನು. ಕಾರಿನ ಹತ್ತಿರ ನಿಂತಿದ್ದರು.

“ಒಂದರಲ್ಲಿ ಹೋಯ್ತು, ಮೇಷ್ಟ್ರೇ,” ಎಂದೆ.

“ಹೋಗ್ಲಿ ಬಿಡಿ. ನೀವಾದ್ರೂ ಎತ್ತಿದ್ರಲ್ಲ,” ಎಂದು ನನ್ನ ಭುಜ ತಟ್ಟಿದರು.

ನಾನು ಇಲ್ಲ ಎನ್ನಲಿಲ್ಲ. ಮಗಳ ಮನೆ ಬರುವವರೆಗೂ ಅವರು ನನಗೆ ಥ್ಯಾಂಕ್ಸ್ ಹೇಳುತ್ತಲೇ ಇದ್ದರು.