ಡಿ ಡ್ರೈವಿನ ಸದ್ದು

ಕ್ಲಾತೆನ್ ಪೇಟೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ, ಆ ಮನೆಯವರು ಒಂದಲ್ಲ ಒಂದು ದಿನ, ಅಮ್ಮ ಎಂಬರ್ಥದಲ್ಲಿ ಊರೆಲ್ಲ 'ಬು' ಎನ್ನುವ ಲಾಸ್ಮಿಯ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ಸತ್ತವರ ಹೆಸರಿನ ಪ್ರಾರ್ಥನೆಗೆ ಬಂದವರಿಗೆಲ್ಲ ಹಂಚುವ ಯಾಸೀನ್ ಪುಸ್ತಿಕೆಯನ್ನು ಕಂಪ್ಯೂಟರಿನಲ್ಲಿ ಜೋಡಿಸಿಕೊಡುವುದು ಆಕೆಯ ಕಸುಬು. ಮೊದಲ ಪುಟದಲ್ಲಿ ಸತ್ತವರ ಫೋಟೋ, ಆಮೇಲೆ ಎಲ್ಲರೂ ಕೂಡಿ ಓದಬೇಕಾದ ಕುರಾನಿನ ಆ ಅಧ್ಯಾಯ. ಬಂದವರ ದುಃಖವನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಆಕೆ ಕೀಲಿಮಣೆ ಮುಟ್ಟುತ್ತಿದ್ದಳು.

ಈ ಸಲದ ಪುಸ್ತಿಕೆ ಗಂಡ ಹರ್ಜೊನದು. ಗುರುವಾರ ಅವನು ಸತ್ತ ಸಾವಿರನೆಯ ದಿನದ ಪ್ರಾರ್ಥನೆ. ಅದಾದ ಮೇಲೆ ಊರೆಲ್ಲ ಕೂಡಿ ಅವನಿಗಾಗಿ ಮಾಡುವಂಥ ಕ್ರಿಯೆ ಇನ್ನು ಯಾವುದೂ ಉಳಿಯುವುದಿಲ್ಲ.

ಆದರೆ ಕಂಪ್ಯೂಟರ್ ಹಟ ಹಿಡಿದಿತ್ತು. ಹರ್ಜೊ ನಗುತ್ತಿರುವ ಒಂದೇ ಒಂದು ಫೋಟೋವನ್ನು ತೆರೆಯಲು ಹೋದರೆ ಸಾಕು, ಮೆಮೊರಿ ಸಾಲದೆಂದು ಪರದೆ ಕಲ್ಲಾಗಿಬಿಡುತ್ತಿತ್ತು. ಸಂತೆಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪ್ರಾಸ್ತೊಗೆ ಹೇಳಿಕಳಿಸಿದಳು.

"ಏನ್ ಬು, ಈ ಮುದುಕನ್ನ ಇನ್ನೂ ಗಾಣಕ್ಕೆ ಕಟ್ಟಿದ್ದೀರಲ್ಲ! ಪಾಪ ಅನ್ಸಲ್ವಾ?" ಎಂದ ಪ್ರಾಸ್ತೊ, ಹಳೆಯ ಯಂತ್ರವನ್ನು ತಟ್ಟುತ್ತಾ.

"ಮುದುಕ ನಿನ್ನ ಹಾಗೆ ವಟವಟ ಅನ್ನಲ್ಲ ತಮ್ಮಾ. ಚಾ ಕುಡಿ, ಆಮೇಲೆ ಅದನ್ನ ನೋಡು."

ಮೆಮೊರಿ ತುಂಬಿದಾಗ ಯಂತ್ರ ಒಂದಿಷ್ಟು ಹೊರೆಯನ್ನು ಡಿಸ್ಕಿನ ಮೂಲೆಯಲ್ಲಿ ಇಳಿಸಿ, ಬೇಕಾದಾಗ ಎತ್ತಿಕೊಳ್ಳುತ್ತದೆ. ವರ್ಚುವಲ್ ಮೆಮೊರಿ ಎಂದರೆ ಅದೇ. ಹರ್ಜೊ ಆ ಮೂಲೆಯನ್ನು ತಿರುಗುವ ಹಳೆಯ ಡಿಸ್ಕಿನಲ್ಲಿ, ಡಿ ಡ್ರೈವಿನಲ್ಲಿ, ಇಕ್ಕಟ್ಟಾಗಿ ಕಟ್ಟಿಟ್ಟಿದ್ದ. ಸಿ ಡ್ರೈವ್ ತಿರುಗದ, ಸದ್ದು ಮಾಡದ ಹೊಸ ಎಸ್‌ಎಸ್‌ಡಿ. ಅದು ಸವೆಯಬಾರದು. ಹೊಸ ಸರೋಂಗ್ ಲುಂಗಿಯನ್ನು ಬೀರುವಿನಲ್ಲಿಟ್ಟು ಹಳೆಯದನ್ನೇ ಉಟ್ಟ ಮನುಷ್ಯ ಅವನು. "ಈ ಏರ್ಪಾಟನ್ನ ಮಾತ್ರ ಮುಟ್ಬೇಡ" ಎಂದು ಲಾಸ್ಮಿಗೆ ಹೇಳಿಯೂ ಇದ್ದ.

"ಆಗ ಅವ್ರು ಮಾಡಿದ್ದು ಸರೀನೇ ಬು," ಎಂದ ಪ್ರಾಸ್ತೊ. "ಈಗ ಡಿ ಸೋತುಹೋಗಿದೆ. ಸಿ‌ನಲ್ಲಿ ಬೇಕಾದಷ್ಟು ಜಾಗ ಇದೆ. ಡಿ‌ಗೆ ಇನ್ನು ಹೊರೆ ಬೇಡ ಅನ್ನಿ, ಸಿ‌ಗೆ ನೀನೇ ನೋಡ್ಕೋ ಅನ್ನಿ. ಎರಡಕ್ಕೂ 'ಸೆಟ್' ಒತ್ತಿ, ಆಮೇಲೆ ರೀಸ್ಟಾರ್ಟ್. ನಾನೇ ಮಾಡ್ಲಾ?"

"ಬೇಡ. ನಾನೇ ಮಾಡ್ತೀನಿ."

ಯಾಕೆಂದು ಅವನಿಗೆ ಹೇಳಲಾಗಲಿಲ್ಲ. ಹೊರೆ ಇಳಿಸಿ ಎತ್ತುವಾಗೆಲ್ಲ ಡಿ 'ಕರಕ್ ಕರಕ್' ಎನ್ನುತ್ತಿತ್ತು. ಹರ್ಜೊ ಬೆನ್ನ ಹಿಂದೆ ಕೂತು, ಕ್ರುಪುಕ್ ಹಪ್ಪಳ ಕಡಿಯುತ್ತಾ ತಪ್ಪು ಹುಡುಕುತ್ತಿದ್ದ ಹಾಗೆ. "ಹೆಸರು ಸರಿಯಿದೆಯಾ?" ಎಂದು ಈಗಲೂ ಕೇಳುತ್ತಿದ್ದಳು. ಕರಕ್ ಎಂದರೆ ಸರಿಯಿದೆ ಎಂದು ಮುಂದಿನ ಪುಟಕ್ಕೆ ಹೋಗುತ್ತಿದ್ದಳು.

ಮಧ್ಯಾಹ್ನದ ನಮಾಜು ಮುಗಿಸಿ, ಪ್ರಾಸ್ತೊ ಹೇಳಿದಂತೆ ಮಾಡಿದಳು. ಯಂತ್ರ ಆರಿ ಮತ್ತೆ ಹೊತ್ತಿಕೊಂಡಿತು. ಕರಕ್. ಲಾಸ್ಮಿಯ ಎದೆ ಹಗುರಾಯಿತು. ಹೋಗಲು ಹರ್ಜೊಗೇ ಮನಸ್ಸಿಲ್ಲ, ಇನ್ನು ನಾನೇನು ಮಾಡಲಿ ಎಂದುಕೊಂಡಳು. ಫೋಟೋ ಮಾತ್ರ ತೆರೆಯಲಿಲ್ಲ.

ಮರುದಿನ ಪ್ರಾಸ್ತೊ ನೋಡಿದವನೇ ನಕ್ಕುಬಿಟ್ಟ.

"ಬು, ಎಲ್ಲಾ ಆರಿಸಿ 'ಸೆಟ್' ಒತ್ತದೆ ನೇರ 'ಓಕೆ' ಒತ್ತಿದ್ದೀರಿ! ಹುಡುಗಿ ಒಪ್ಪಿ, ಊಟಾನೂ ಮಾಡಿ, ನಿಕಾಹ್ ಓದಿಸ್ದೆ ಎದ್ದುಬಂದ ಹಾಗಾಯ್ತು."

"ಮರೆತೆ ಕಣೋ," ಎಂದಳು ಲಾಸ್ಮಿ. ಮರೆತಳೋ, ಕೈಯೇ ಹಿಂಜರಿಯಿತೋ, ಅವಳಿಗೂ ತಿಳಿಯದು.

ಅವನ ನಗು ಇಳಿಯಿತು. "ನಾಳೆಯೇ ಗುರುವಾರ ಬು. ಪುಸ್ತಕ ಇಲ್ದೆ ಜನ ಕೂತ್ರೆ, ಹರ್ಜೊ ಅವ್ರಿಗೆ ನಾನೇನ್ ಹೇಳ್ಲಿ?"

ಲಾಸ್ಮಿ ಬಿಸ್ಮಿಲ್ಲಾ ಎಂದು ಕೂತಳು. ಡಿ‌ಗೆ ಬೇಡ ಎಂದಳು. ಸೆಟ್. ಸಿ‌ಗೆ ನೀನೇ ನೋಡಿಕೋ ಎಂದಳು. ಸೆಟ್.

ಈ ಸಲ ಪರದೆ ಬೇಗ ಬೆಳಗಿತು. ಫೋಟೋ ಒಮ್ಮೆಗೇ ತೆರೆಯಿತು. ಹರ್ಜೊ ಬಾಯಿ ತುಂಬ ನಗುತ್ತಿದ್ದ, ಸದ್ದಿಲ್ಲದೆ.

"ನೋಡಿದ್ರಾ! ಇನ್ನು ಡಿ ಬರೀ ಫೈಲ್ ಇಟ್ಕೊಂಡು ಮಲಗ್ಲಿ ಬಿಡಿ," ಎಂದು ಪ್ರಾಸ್ತೊ ಚಾ ಮುಗಿಸಿ ಹೊರಟುಹೋದ.

ಫೋಟೋದ ಕೆಳಗೆ ಲಾಸ್ಮಿ ಗಂಡನ ಹೆಸರು ಬೆರಳಚ್ಚಿಸಿದಳು. "ಹೆಸರು ಸರಿಯಿದೆಯಾ?" ಎಂದಳು. ಗೋಡೆಯ ಫ್ಯಾನು ತಿರುಗುತ್ತಿತ್ತು, ಅಷ್ಟೇ. ತಾನೇ ಅಕ್ಷರಕ್ಕಕ್ಷರ ಓದಿ ನೋಡಿದಳು. ಸರಿಯಿತ್ತು.

ಮುದ್ರಣಕ್ಕೆ ಕಳಿಸುವ ಮುನ್ನ ಪುಸ್ತಿಕೆಯನ್ನು ಡಿ ಡ್ರೈವಿನಲ್ಲಿ ಸೇವ್ ಮಾಡಿದಳು. ಮಲಗಿದ್ದ ಡಿಸ್ಕು ಎಚ್ಚೆತ್ತು, ಕರಕ್ ಎಂದು, ಮತ್ತೆ ಸುಮ್ಮನಾಯಿತು.

ಲಾಸ್ಮಿ ಕೊನೆಯ ಸಾಲಿನ ಚುಕ್ಕಿಯನ್ನು ಅಳಿಸಿದಳು. ಅಲ್ಲೇ ಮತ್ತೆ ಇಟ್ಟಳು. ಇನ್ನೊಮ್ಮೆ ಸೇವ್ ಮಾಡಿದಳು.